ಅಂಗಡಿಯೊಳಗೆ ನಾಲ್ಕು ಬುಧವಾರ

ಉದ್ಯಮ ಕಟ್ಟಲು ಹೊರಟವರಿಗೆ ದುಡ್ಡು ಕೊಡುವವರು ಕಡಿಮೆ, ಉಪದೇಶ ಕೊಡುವವರು ಧಾರಾಳ. ಬೆಳಗ್ಗೆ ನಾಲ್ಕಕ್ಕೆ ಏಳಬೇಕು, ತಣ್ಣೀರಿನಲ್ಲಿ ಮೀಯಬೇಕು, ವಾರಕ್ಕೊಂದು ಪುಸ್ತಕ ಮುಗಿಸಬೇಕು, ಮೂವತ್ತು ದಿನ ಸಕ್ಕರೆ ಬಿಟ್ಟು ನೋಡಬೇಕು. ಹೀಗೆ ಕಂಪೆನಿಗಳ ಸ್ಥಾಪಕರು ತಮ್ಮ ಮೇಲೆ ತಾವೇ ಮಾಡಿಕೊಂಡ ಪ್ರಯೋಗಗಳ ವಿವರಗಳು ಪುಸ್ತಕದಂಗಡಿಗಳಲ್ಲಿ ರಾಶಿ ಬಿದ್ದಿವೆ. ಅವುಗಳನ್ನು ಓದುವಾಗಲೆಲ್ಲ ನನಗೊಂದು ಸಂಶಯ ಕಾಡುತ್ತದೆ. ಈ ಪ್ರಯೋಗಗಳಲ್ಲಿ ಸ್ಥಾಪಕನೊಬ್ಬನೇ ಏಕೆ ಕಾಣಿಸುತ್ತಾನೆ? ಅವನ ಜೊತೆ ದುಡಿಯುವವರು, ಅವನ ಸರಕು ಕೊಳ್ಳುವವರು ಎಲ್ಲಿ ಹೋದರು?

ನನ್ನದು ಪುತ್ತೂರಿನ ಒಂದು ಸಣ್ಣ ಸಾಫ್ಟ್‌ವೇರ್ ಸಂಸ್ಥೆ. ನನ್ನನ್ನು ಬಿಟ್ಟು ಏಳು ಮಂದಿ ದುಡಿಯುತ್ತಾರೆ. ಇಂಥದ್ದನ್ನು ಈಗ ಎಲ್ಲರೂ ಸ್ಟಾರ್ಟಪ್ ಎನ್ನುತ್ತಾರೆ. ನನ್ನ ಉಮ್ಮ ಮಾತ್ರ ಈಗಲೂ 'ಅವನ ಕಂಪ್ಯೂಟರ್ ಅಂಗಡಿ' ಎಂದೇ ಹೇಳುವುದು. 2015ರಲ್ಲಿ ಬೆಂಗಳೂರಿನ ನೌಕರಿ ಬಿಟ್ಟು ಬಂದು ಇದನ್ನು ಆರಂಭಿಸಿದೆ. ಸಣ್ಣ ಅಂಗಡಿಗಳು ಕನ್ನಡದಲ್ಲೇ ಬಿಲ್ಲು ಕೊಡುವಂತೆ, ಬಾಕಿ ಲೆಕ್ಕ ಇಡುವಂತೆ ಸಾಫ್ಟ್‌ವೇರ್ ಮಾಡಿಕೊಡುವುದು ನಮ್ಮ ಕೆಲಸ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದಾಗ ಅಂಗಡಿಯವರಿಗೆ ಕಂಪ್ಯೂಟರ್ ಬೇಕೇ ಬೇಕಾಯಿತು, ನಮಗೂ ಗಿರಾಕಿಗಳು ಸಿಕ್ಕಿದರು. ಈಗ 214 ಅಂಗಡಿಗಳು ವರ್ಷಕ್ಕಿಷ್ಟು ಎಂದು ಶುಲ್ಕ ಕಟ್ಟುತ್ತವೆ.

2025ರ ಅಕ್ಟೋಬರ್ ಕೊನೆಯಲ್ಲಿ ದೊಡ್ಡ ಕಂಪೆನಿಯೊಂದರಿಂದ ನಮಗೆ ಪತ್ರ ಬಂತು. ನಮ್ಮ ಸಾಫ್ಟ್‌ವೇರನ್ನೂ 214 ಅಂಗಡಿಗಳನ್ನೂ ಒಟ್ಟಿಗೆ ಕೊಂಡುಕೊಳ್ಳುತ್ತೇವೆ ಎಂದಿದ್ದರು. ಬೆಲೆ ಚೆನ್ನಾಗಿಯೇ ಇತ್ತು; ಬ್ಯಾಂಕಿನ ಸಾಲ ತೀರಿ, ಮನೆಯ ಮೇಲಿನ ಮಹಡಿಯೂ ಎದ್ದು, ಇನ್ನೂ ಉಳಿಯುವಷ್ಟು. ಎರಡು ಷರತ್ತುಗಳಿದ್ದವು. ಏಳು ಮಂದಿಯಲ್ಲಿ ಇಬ್ಬರಿಗೆ ಮಾತ್ರ ಅವರಲ್ಲಿ ಕೆಲಸ. ಒಂದು ವರ್ಷದ ಬಳಿಕ ಕನ್ನಡದ ಸಾಫ್ಟ್‌ವೇರ್ ನಿಲ್ಲಿಸಿ ಎಲ್ಲ ಅಂಗಡಿಗಳನ್ನೂ ಅವರ ಇಂಗ್ಲಿಷ್ ಆ್ಯಪ್‌ಗೆ ಸೇರಿಸುವುದು. ಉತ್ತರಕ್ಕೆ ನವೆಂಬರ್ 30ರವರೆಗೆ ಸಮಯ. ನಮ್ಮ ಖಾತೆಯಲ್ಲಿ ಆಗ ಇದ್ದದ್ದು ನಾಲ್ಕು ತಿಂಗಳ ಸಂಬಳದ ಹಣ. ರಾಜ್ಯೋತ್ಸವದ ತಿಂಗಳಲ್ಲೇ ಈ ಪ್ರಶ್ನೆ ಎದುರಾದದ್ದು ಕಾಕತಾಳೀಯವಷ್ಟೆ. ಆದರೆ ಮೈಕಿನ ಮುಂದೆ ಕನ್ನಡದ ಬಗ್ಗೆ ಮಾತನಾಡುವುದು ಸುಲಭ, ಸಂಬಳದ ದಿನ ಮಾತನಾಡುವುದು ಕಷ್ಟ ಎಂಬುದು ಆ ತಿಂಗಳಿಡೀ ನೆನಪಿಗೆ ಬರುತ್ತಿತ್ತು.

ಅವಸರದಲ್ಲಿ ಉತ್ತರ ಕೊಡುವ ಮನಸ್ಸಾಗಲಿಲ್ಲ. ತಿಂಗಳೊಂದು ಕೈಯಲ್ಲಿದೆಯಲ್ಲ, ನಾಲ್ಕು ಸಣ್ಣ ಪ್ರಯೋಗ ಮಾಡಿ ನೋಡೋಣ ಎಂದು ಹೊರಟೆ. ಒಂದು, ಬೆಳಗ್ಗೆ ಒಂಬತ್ತರವರೆಗೆ ಫೋನ್ ಮುಟ್ಟದಿರುವುದು. ಎರಡು, ಪ್ರತಿ ಅರ್ಧ ಗಂಟೆಗೂ ಏನು ಮಾಡಿದೆ ಎಂದು ಬರೆದಿಡುವುದು. ಮೂರು, ಪ್ರತಿ ಬುಧವಾರ ಒಂದು ಅಂಗಡಿಯಲ್ಲಿ ಬಾಗಿಲು ತೆರೆಯುವಾಗಿನಿಂದ ಮುಚ್ಚುವವರೆಗೆ ಸುಮ್ಮನೆ ಕುಳಿತಿರುವುದು. ನಾಲ್ಕು, ಸಂಸ್ಥೆಯ ಲೆಕ್ಕಪುಸ್ತಕವನ್ನು ಏಳೂ ಮಂದಿಯ ಮುಂದೆ ಬಿಚ್ಚಿಡುವುದು. ರಾತ್ರಿ ಮಲಗುವ ಮುನ್ನ ಅರ್ಧ ಗಂಟೆ ಓದು.

ಅರ್ಧ ಗಂಟೆಯ ಲೆಕ್ಕದ ಯೋಚನೆ ಹುಟ್ಟಿದ್ದು ಬೆಂಜಮಿನ್ ಫ್ರಾಂಕ್ಲಿನ್‌ನ ಆತ್ಮಕಥೆಯಿಂದ. ಮುದ್ರಣಾಲಯ ಇಟ್ಟುಕೊಂಡು ಬೆಳೆದ ಈ ಅಮೆರಿಕದ ಮನುಷ್ಯ ಹದಿಮೂರು ಸದ್ಗುಣಗಳ ಪಟ್ಟಿ ಮಾಡಿ, ಪುಟ್ಟ ಪುಸ್ತಕದಲ್ಲಿ ಗೆರೆ ಎಳೆದು, ವಾರಕ್ಕೊಂದು ಗುಣದಂತೆ ಅಭ್ಯಾಸ ಮಾಡುತ್ತಿದ್ದ. ತಪ್ಪಿದ ದಿನ ಕಪ್ಪು ಚುಕ್ಕೆ. ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಅವನಿಗೆ ಕೊನೆಯವರೆಗೂ ಒಲಿಯದೆ ಉಳಿದದ್ದು ಅಚ್ಚುಕಟ್ಟುತನ. ಅದಕ್ಕವನು ಒಂದು ಕತೆ ಹೇಳುತ್ತಾನೆ. ಒಬ್ಬನಿಗೆ ತನ್ನ ಕೊಡಲಿಯ ಮೈಯೆಲ್ಲ ಬಾಯಿಯಂತೆಯೇ ಹೊಳೆಯಬೇಕೆಂಬ ಆಸೆ. ಕಮ್ಮಾರ, ನೀನು ಸಾಣೆಚಕ್ರ ತಿರುಗಿಸುವುದಾದರೆ ಉಜ್ಜಿಕೊಡುತ್ತೇನೆ ಎಂದ. ತಿರುಗಿಸಿ ತಿರುಗಿಸಿ ಸುಸ್ತಾದವನು ಕೊನೆಗೆ, ನನಗೆ ಚುಕ್ಕೆ ಚುಕ್ಕೆಯ ಕೊಡಲಿಯೇ ಇಷ್ಟ ಎಂದು ಎತ್ತಿಕೊಂಡು ಹೊರಟನಂತೆ. ಸ್ವಂತ ಸುಧಾರಣೆಯ ಪುಸ್ತಕದೊಳಗೆ ಇಂಥ ನಗೆಯೂ ಇರುವುದರಿಂದಲೇ ಅದು ಇನ್ನೂ ಓದಿಸಿಕೊಳ್ಳುತ್ತದೆ.

ಗಾಂಧೀಜಿಯ ಆತ್ಮಕಥೆಯನ್ನೂ ಅದರ ಜೊತೆಗೇ ಮತ್ತೆ ಹಿಡಿದೆ. 1925ರಿಂದ 1929ರವರೆಗೆ 'ನವಜೀವನ' ವಾರಪತ್ರಿಕೆಯಲ್ಲಿ ಕಂತು ಕಂತಾಗಿ ಬಂದ ಬರಹ ಅದು. ಲಂಡನ್ನಿನಲ್ಲಿ ಓದುತ್ತಿದ್ದ ಯುವಕ ಗಾಂಧಿ ಕಾಸು ಕಾಸಿಗೂ ಲೆಕ್ಕ ಬರೆದಿಡುತ್ತಿದ್ದ. ಆ ಲೆಕ್ಕ ನೋಡಿಯೇ ವಾಹನ ಬಿಟ್ಟು ನಡೆಯತೊಡಗಿದ, ಸಣ್ಣ ಬಿಡಾರಕ್ಕೆ ಹೋದ. ಮುಂದೆ ಸಾರ್ವಜನಿಕ ಹಣವನ್ನು ನೋಡಿಕೊಳ್ಳಬೇಕಾಗಿ ಬಂದಾಗ ಈ ಅಭ್ಯಾಸ ಅವರ ಕೈಹಿಡಿಯಿತು. ಲೆಕ್ಕ ಬರೆಯುವುದು ಜಿಪುಣತನವಲ್ಲ, ಮುಂದೊಂದು ದಿನ ಬೇರೆಯವರಿಗೆ ಉತ್ತರ ಕೊಡಲು ಮಾಡಿಕೊಳ್ಳುವ ಸಿದ್ಧತೆ ಎಂದು ನನಗೆ ಈ ಓದಿನಲ್ಲಿ ಅನ್ನಿಸಿತು.

ನನ್ನ ಲೆಕ್ಕ ಏನು ಹೇಳಿತು? ಮೊದಲ ವಾರದ ಆರು ದಿನಗಳಲ್ಲಿ 120 ಅರ್ಧ ಗಂಟೆಗಳು. ಅವುಗಳಲ್ಲಿ 46 ಫೋನಿನಲ್ಲೇ ಕಳೆದಿದ್ದವು. ಬಂದ ಕರೆಗಳಲ್ಲಿ ಹೆಚ್ಚಿನವು ಮೂರೇ ಪ್ರಶ್ನೆಗಳ ಸುತ್ತ: ಪ್ರಿಂಟ್ ನಿಧಾನ ಬರುತ್ತದೆ, ಹಾಕಿದ ಬಿಲ್ಲು ತೆಗೆಯುವುದು ಹೇಗೆ, ದರ ಬದಲಿಸುವುದು ಹೇಗೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾಗಿ, 12 ಮತ್ತು 28 ಶೇಕಡಾದ ಹಂತಗಳಲ್ಲಿದ್ದ ಬಹುತೇಕ ಸರಕುಗಳು ಬೇರೆ ಹಂತಕ್ಕೆ ಹೋದ ಮೇಲೆ ಮೂರನೆಯ ಪ್ರಶ್ನೆ ಇನ್ನಷ್ಟು ಹೆಚ್ಚಿತ್ತು. ಇನ್ನು ಬೆಳಗಿನ ಫೋನ್ ಉಪವಾಸದಿಂದ ತಿಳಿದದ್ದು ಬೇರೆಯೇ ಸಂಗತಿ. ನಮ್ಮ ಅಂಗಡಿಯವರು ಫೋನ್ ಮಾಡುವುದೇ ಏಳೂವರೆಗೆ, ಬಾಗಿಲು ತೆರೆಯುವ ಮುನ್ನ. ನಾನು ಎತ್ತದಿದ್ದಾಗ ಆ ಕರೆಗಳು ಕಚೇರಿಯ ಹುಡುಗಿಯೊಬ್ಬಳಿಗೆ ಹೋದವು. ಆಕೆಯ ಮನೆಯವರದ್ದೂ ದಿನಸಿ ಅಂಗಡಿ. ನಾನು ಹತ್ತು ನಿಮಿಷ ವಿವರಿಸುತ್ತಿದ್ದುದನ್ನು ಆಕೆ ಎರಡು ನಿಮಿಷದಲ್ಲಿ ಮುಗಿಸುತ್ತಿದ್ದಳು. ಆಕೆ ಬಳಸುತ್ತಿದ್ದುದು ಅಂಗಡಿಯ ಮಾತು. ಎರಡನೆಯ ವಾರದಿಂದ ಬೆಳಗಿನ ಪಾಳಿ ಆಕೆಯದಾಯಿತು, ಸಂಜೆ ಬೇಗ ಮನೆಗೆ ಹೋಗುವ ಅನುಕೂಲವೂ ಜೊತೆಗೇ.

ಆದರೆ ತಿಂಗಳ ತಿರುಳೆಲ್ಲ ಇದ್ದದ್ದು ಬುಧವಾರಗಳಲ್ಲಿ. ಮೊದಲ ಬುಧವಾರ ಪುತ್ತೂರಿನ ಅಡಿಕೆ ವ್ಯಾಪಾರಿಯೊಬ್ಬರ ಅಂಗಡಿಗೆ ಹೋದೆ.

"ಎಂತ ಮಾರಾಯ್ರೆ, ಕಂಪ್ಯೂಟರ್ ಸರಿ ಉಂಟಲ್ಲ, ನೀವ್ಯಾಕೆ ಬಂದದ್ದು?" ಎಂದು ಧಣಿಗಳು ಕೇಳಿದರು.

"ಸುಮ್ಮನೆ ಕೂತ್ಕೊಳ್ಳಲಿಕ್ಕೆ ಬಂದದ್ದು ಧಣಿಗಳೇ."

"ಸುಮ್ಮನೆ ಕೂತ್ಕೊಂಡ್ರೆ ನಿಮ್ಮ ಹೊಟ್ಟೆಗೆ?" ಎಂದು ನಕ್ಕು ಚಾ ತರಿಸಿದರು.

ನಮ್ಮ ಬಿಲ್ಲಿನಲ್ಲಿ 'ಅಡಿಕೆ' ಎಂದು ಒಂದೇ ಸಾಲು. ಅಲ್ಲಿ ಕುಳಿತು ಕೇಳಿದರೆ ಹೊಸ ಚಾಲಿ, ಹಳೆ ಚಾಲಿ, ಪಟೋರ, ಉಳ್ಳಿ, ಕೋಕ, ಕರಿಗೋಟು, ಒಂದೊಂದಕ್ಕೂ ಬೇರೆ ದರ. ಲೆಕ್ಕ ಬರೆಯುವ ಹುಡುಗ ಅಚ್ಚಾಗಿ ಬಂದ ಬಿಲ್ಲಿನ ಅಂಚಿನಲ್ಲಿ ಪೆನ್ನಿನಿಂದ ಆ ಹೆಸರುಗಳನ್ನು ಬರೆದೇ ಕೊಡುತ್ತಿದ್ದ. ಅದನ್ನು ಓದಿದ ಮೇಲೆಯೇ ಬೆಳೆಗಾರರು ಮಡಚಿ ಕಿಸೆಗೆ ಹಾಕುತ್ತಿದ್ದದ್ದು. ಅಚ್ಚಿನ ಅಕ್ಷರಕ್ಕಿಂತ ಆ ಪೆನ್ನಿನ ಅಕ್ಷರಕ್ಕೇ ಅಲ್ಲಿ ಬೆಲೆ.

ಎರಡನೆಯ ಬುಧವಾರ ವಿಟ್ಲದ ದಿನಸಿ ಅಂಗಡಿ. ಅಲ್ಲಿನ ಬಾಕಿ ಪುಸ್ತಕದಲ್ಲಿ ಯಾರ ಹೆಸರೂ ಪೂರ್ತಿ ಇರಲಿಲ್ಲ. 'ಮೇಲಿನ ಮನೆ', 'ರಿಕ್ಷಾದ ಹುಡುಗ', 'ಟೀಚರಮ್ಮ', 'ಬಾವಿ ಹತ್ತಿರದ ಮನೆ' ಎಂದಷ್ಟೇ. ಕಂಪ್ಯೂಟರ್ ಕೇಳುವುದು ಹೆಸರು, ಫೋನ್ ನಂಬರ್, ವಿಳಾಸ. ಅಂಗಡಿಯವರಿಗೆ ಬೇಕಾದದ್ದು, ಯಾರು ಯಾವಾಗ ಕೊಟ್ಟಾರು ಎಂಬ ಅಂದಾಜು. ಬಾಕಿ ಎಂಬುದು ಬರೀ ಅಂಕಿಯಲ್ಲ, ಊರಿನೊಳಗಿನ ಸಂಬಂಧ. ಅದರಲ್ಲಿ ಮುಲಾಜಿದೆ, ಕನಿಕರವಿದೆ, ಕೆಲವೊಮ್ಮೆ ಸಿಟ್ಟೂ ಇದೆ. ಮೂರನೆಯ ಬುಧವಾರ ಬಿ.ಸಿ. ರೋಡಿನ ಹಾರ್ಡ್‌ವೇರ್ ಅಂಗಡಿ. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದುದು ಮಾಲೀಕರ ಹೆಂಡತಿ. ನಾವು ಹದಿನಾರು ಬಗೆಯ ವರದಿಗಳನ್ನು ಮಾಡಿಕೊಟ್ಟಿದ್ದೇವೆ. ಆಕೆ ರಾತ್ರಿ ತೆರೆಯುವುದು ಒಂದನ್ನೇ: ಇವತ್ತು ಕೈಯಲ್ಲಿ ಉಳಿದದ್ದೆಷ್ಟು?

ಆ ವಾರ ಓದುತ್ತಿದ್ದುದು ಮುಹಮ್ಮದ್ ಯೂನುಸರ 'ಬ್ಯಾಂಕರ್ ಟು ದ ಪೂರ್'. ಬಾಂಗ್ಲಾದೇಶದ ಚಿತ್ತಗಾಂಗಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಯೂನುಸ್ 1976ರಲ್ಲಿ ಪಕ್ಕದ ಜೋಬ್ರಾ ಹಳ್ಳಿಯಲ್ಲಿ ಬಿದಿರಿನ ಮಣೆ ಹೆಣೆಯುವ ಹೆಂಗಸರ ಅಂಗಳಕ್ಕೆ ಹೋಗಿ, ನಿಮಗೆಷ್ಟು ಸಾಲವಿದೆ ಎಂದು ಕೇಳಿದರು. 42 ಮಂದಿಯನ್ನು ಸಾಲಿಗರ ಹಿಡಿತದಿಂದ ಬಿಡಿಸಲು ಬೇಕಾಗಿದ್ದದ್ದು ಒಟ್ಟು ಸುಮಾರು 27 ಡಾಲರ್. ತರಗತಿಯಲ್ಲಿ ಕೋಟಿಗಳ ಲೆಕ್ಕ ಕಲಿಸುತ್ತಿದ್ದವರಿಗೆ ಈ 27 ಡಾಲರ್ ಕಾಣಿಸಿದ್ದು ಅಂಗಳದಲ್ಲಿ ನಿಂತಾಗ. 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಕಿರುಸಾಲದ ಬಗ್ಗೆ ಆಮೇಲೆ ಬಂದ ಟೀಕೆಗಳೂ ಹಗುರವಾದವಲ್ಲ, ಅವನ್ನೂ ಓದಬೇಕು. ಆದರೆ ಹೋಗಿ ಕೇಳುವ ಆ ಮೊದಲ ಹೆಜ್ಜೆಯ ಬೆಲೆ ಟೀಕೆಯಿಂದ ಕಡಿಮೆಯಾಗುವುದಿಲ್ಲ.

ಅಷ್ಟು ದೂರವೇಕೆ, ನಮ್ಮ ಕರಾವಳಿಯನ್ನೇ ನೋಡಿ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಆರಂಭಿಸಿದಾಗ ಬಂಡವಾಳ 5000 ರೂಪಾಯಿ. ಮೊದಲ ದಿನದ ಕೊನೆಗೆ ಬ್ಯಾಂಕಿನಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಗಿ ದೇಶವಿಡೀ ಬೆಳೆಯಿತು. ಸಿಂಡಿಕೇಟ್ ಬ್ಯಾಂಕನ್ನು 1925ರಲ್ಲಿ ಉಡುಪಿಯಲ್ಲೇ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಕಟ್ಟಿದರು. 1928ರಲ್ಲಿ ಅವರು ತಂದ ಪಿಗ್ಮಿ ಠೇವಣಿಯಲ್ಲಿ ಏಜೆಂಟರೇ ಮನೆ, ಅಂಗಡಿಗಳ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಸಂಗ್ರಹಿಸುತ್ತಿದ್ದರು. 2020ರ ಏಪ್ರಿಲ್ 1ರಂದು ಎರಡೂ ಬ್ಯಾಂಕುಗಳು ವಿಲೀನಗೊಂಡವು, ಒಂದು ಯೂನಿಯನ್ ಬ್ಯಾಂಕಿನಲ್ಲಿ, ಇನ್ನೊಂದು ಕೆನರಾ ಬ್ಯಾಂಕಿನಲ್ಲಿ. ಹೆಸರುಗಳು ಹೋದರೂ ಪಿಗ್ಮಿ ಎಂಬ ಮಾತು ನಮ್ಮ ಪೇಟೆಗಳಲ್ಲಿ ಉಳಿದಿದೆ. ಆ ಕಾಲದಲ್ಲಿ ಇದನ್ನು ಯಾರೂ ಸ್ಟಾರ್ಟಪ್ ಎನ್ನಲಿಲ್ಲ. ಗಿರಾಕಿ ಬಾರದಿದ್ದರೆ ಗಿರಾಕಿಯ ಬಾಗಿಲಿಗೆ ನಾವು ಹೋಗಬೇಕು ಎಂದಷ್ಟೇ ಅವರು ತಿಳಿದಿದ್ದರು.

ನಾಲ್ಕನೆಯ ಬುಧವಾರ ಉಪ್ಪಿನಂಗಡಿಯ ಬಟ್ಟೆ ಅಂಗಡಿ. ಮಧ್ಯಾಹ್ನದ ಹೊತ್ತಿಗೆ ನಡುವಯಸ್ಸಿನ ಹೆಂಗಸೊಬ್ಬರು ಬಿಲ್ಲು ಹಿಡಿದುಕೊಂಡು ಬಾಗಿಲಲ್ಲೇ ನಿಂತರು. ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದರು. ಆಮೇಲೆ ಹಿಂದಕ್ಕೆ ಬಂದು, "ರವಿಕೆ ಕಣ ಎರಡು ಅಲ್ವಾ ನಾನು ತೆಗೊಂಡದ್ದು, ಇಲ್ಲಿ ಮೂರು ಅಂತ ಉಂಟಲ್ಲ" ಎಂದರು. ಕಟ್ಟು ಬಿಚ್ಚಿ ನೋಡಿದರೆ ಎರಡೇ. ದುಡ್ಡು ಹಿಂದೆ ಹೋಯಿತು. ಆಕೆ ಹೋದ ಮೇಲೆ ನಾನು ಮಾಲೀಕರ ಮುಖ ನೋಡಿದೆ. ಹಿರಿಯರು, ನನ್ನ ತಂದೆಯ ವಯಸ್ಸಿನವರು.

"ಇಂಗ್ಲಿಷ್ ಬಿಲ್ಲಾದ್ರೆ ಈ ತಕರಾರು ಇರ್ತಿರ್ಲಿಲ್ಲ ಅಲ್ವಾ ಕಾಕ?" ಎಂದು ಕೇಳಿದೆ.

"ಇರ್ತಿರ್ಲಿಲ್ಲ" ಎಂದರು. "ಮನೆಗೆ ಹೋಗಿ ಯಾರ ಹತ್ರವಾದ್ರೂ ಓದಿಸಿ, ಮತ್ತೆ ಈ ಅಂಗಡಿ ಮೆಟ್ಲು ಹತ್ತುತ್ತಿರ್ಲಿಲ್ಲ. ಬಿಲ್ಲು ಓದ್ಲಿಕ್ಕೆ ಬಂದ್ರೆ ಜಗಳ ಮಾಡ್ತಾರೆ ಮೋನೆ. ಜಗಳ ಇಲ್ಲೇ ಮುಗಿದ್ರೆ ತಿರುಗಿ ಬರ್ತಾರೆ."

ಕನ್ನಡ ಏಕೆ ಬೇಕು ಎಂಬುದಕ್ಕೆ ನಾನು ಎಷ್ಟೋ ಭಾಷಣ ಕೇಳಿದ್ದೇನೆ. ಇಷ್ಟು ಚಿಕ್ಕ ಉತ್ತರ ಕೇಳಿರಲಿಲ್ಲ. ಗಿರಾಕಿಗೆ ಓದಲು ಬಾರದ ಬಿಲ್ಲು ಅಂಗಡಿಯ ದಾಖಲೆಯಾಗಬಹುದು, ಗಿರಾಕಿಯ ದಾಖಲೆಯಾಗದು.

ಆ ತಿಂಗಳು ಕೈಗೆತ್ತಿಕೊಂಡ ಕೆಲಸವೂ ಬಿಲ್ಲಿನದ್ದೇ. ಅಂಗಡಿಗಳಲ್ಲಿರುವ ಅಗ್ಗದ ಥರ್ಮಲ್ ಪ್ರಿಂಟರಿಗೆ ಸಾಮಾನ್ಯವಾಗಿ ಕನ್ನಡ ಅಕ್ಷರ ಗೊತ್ತಿರುವುದಿಲ್ಲ. ಇಂಗ್ಲಿಷ್ ಅಕ್ಷರವಾದರೆ ಅದರೊಳಗೇ ಕುಳಿತಿರುತ್ತದೆ, ತಕ್ಷಣ ಅಚ್ಚಾಗುತ್ತದೆ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ 128 ಸ್ಥಾನಗಳಿದ್ದರೂ, ಒತ್ತು, ಗುಣಿತ ಕೂಡಿ ಒಂದು ರೂಪವಾಗುವುದು ಕಂಪ್ಯೂಟರಿನಲ್ಲಿ. ಹಾಗಾಗಿ ಇಡೀ ಬಿಲ್ಲನ್ನು ಚಿತ್ರವನ್ನಾಗಿ ಮಾಡಿ ಪ್ರಿಂಟರಿಗೆ ಕಳಿಸಬೇಕು. ನಿಧಾನವಾಗುವುದು ಅಲ್ಲಿಯೇ. ನಮ್ಮ ಹುಡುಗರಿಬ್ಬರು ಒಂದು ಉಪಾಯ ಮಾಡಿದರು. ಅಂಗಡಿಯಲ್ಲಿ ಪದೇ ಪದೇ ಬರುವ ಪದಗಳ ಚಿತ್ರಗಳನ್ನು ಮೊದಲೇ ತಯಾರಿಸಿ ಇಟ್ಟುಕೊಳ್ಳುವುದು, ಬಿಲ್ಲು ಹಾಕುವಾಗ ಜೋಡಿಸುವುದು. ಹಿಂದಿನ ಅಚ್ಚುಮೊಳೆಯ ಕಾಲದಂತೆಯೇ. ಐದು ಸೆಕೆಂಡಿನ ಬಿಲ್ಲು ಎರಡು ಸೆಕೆಂಡಿಗೆ ಬಂತು. ಅದಕ್ಕೆ ಬೇಕಾದ ಪದಪಟ್ಟಿ ನನ್ನ ಬುಧವಾರದ ಪುಸ್ತಕದಲ್ಲೇ ಇತ್ತು: ಪಟೋರದಿಂದ ರವಿಕೆ ಕಣದವರೆಗೆ.

ಕೊನೆಯ ವಾರ ಓದಿದ್ದು ಫ್ರೆಡ್ ಬ್ರೂಕ್ಸ್ ಅವರ 'ದ ಮಿಥಿಕಲ್ ಮ್ಯಾನ್-ಮಂತ್'. 1975ರ ಪುಸ್ತಕ. ಐಬಿಎಂ ಕಂಪೆನಿಯ ದೊಡ್ಡದೊಂದು ಸಾಫ್ಟ್‌ವೇರ್ ಕೆಲಸವನ್ನು ನಡೆಸಿದ ಅನುಭವದಿಂದ ಬರೆದದ್ದು. ತಡವಾಗಿರುವ ಸಾಫ್ಟ್‌ವೇರ್ ಕೆಲಸಕ್ಕೆ ಇನ್ನಷ್ಟು ಜನ ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. ಹೊಸಬರಿಗೆ ಕಲಿಸಬೇಕು, ಒಬ್ಬರು ಇನ್ನೊಬ್ಬರೊಂದಿಗೆ ಮಾತಾಡಬೇಕು. ಏಳು ಮಂದಿಯಿದ್ದರೆ 21 ಜೋಡಿಗಳ ನಡುವೆ ಮಾತು. ನಲವತ್ತು ಮಂದಿಯಿದ್ದರೆ 780. ನಿಮ್ಮ ಕೆಲಸಕ್ಕೆ ನಲವತ್ತು ಎಂಜಿನಿಯರುಗಳನ್ನು ಹಾಕುತ್ತೇವೆ ಎಂದು ಆ ಕಂಪೆನಿಯವರು ಫೋನಿನಲ್ಲಿ ಹೇಳಿದಾಗ ನಾನು ಮನಸ್ಸಿನಲ್ಲೇ ಈ ಲೆಕ್ಕ ಹಾಕಿದೆ.

ನವೆಂಬರ್ 27ರಂದು ನಾಲ್ಕನೆಯ ಪ್ರಯೋಗ. ಕಚೇರಿಯ ಮೇಜಿನ ಮೇಲೆ ಬ್ಯಾಂಕಿನ ಪಾಸ್‌ಬುಕ್, ಸಾಲದ ಕಾಗದ, ಕಂಪೆನಿಯ ಪತ್ರ ಮೂರನ್ನೂ ಇಟ್ಟೆ. ನನ್ನ ಸಂಬಳವೂ ಸೇರಿ ಎಲ್ಲರ ಸಂಬಳವೂ ಎಲ್ಲರಿಗೂ ಕಂಡಿತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬೆಳಗಿನ ಪಾಳಿಯ ಹುಡುಗಿಯೇ ಮೊದಲು ಕೇಳಿದ್ದು: "ಸರ್, ಅವರು ದುಡ್ಡು ಕೊಡುವುದು ನಮ್ಮ ಸಾಫ್ಟ್‌ವೇರಿಗೋ, ಅಂಗಡಿಯವರ ಫೋನ್ ನಂಬರಿಗೋ?"

ಕನ್ನಡದ ಸಾಫ್ಟ್‌ವೇರನ್ನು ಒಂದು ವರ್ಷದಲ್ಲಿ ನಿಲ್ಲಿಸುವವರು ಅದಕ್ಕಾಗಿ ದುಡ್ಡು ಕೊಡುವುದಿಲ್ಲ ಎಂಬುದು ಸ್ಪಷ್ಟ. ಅವರಿಗೆ ಬೇಕಾದದ್ದು 214 ಅಂಗಡಿಗಳವರು ನಮ್ಮ ಮೇಲೆ ಇಟ್ಟಿರುವ ವಿಶ್ವಾಸ. ಅದು ನನ್ನ ಹೆಸರಿನಲ್ಲಿದ್ದರೂ ಮಾರುವ ಹಕ್ಕು ನನಗಿದೆಯೇ? ಕಾನೂನು ಇದೆ ಎನ್ನುತ್ತದೆ. ಅಡಿಕೆಯ ಧಣಿಗಳ, ಬಟ್ಟೆ ಅಂಗಡಿಯ ಕಾಕನ ಮುಖ ನೆನೆದರೆ ಇಲ್ಲ ಎನ್ನಿಸುತ್ತದೆ. ಆದರೆ ಆ ಏಳು ಮಂದಿಯ ಮುಖಗಳೂ ಎದುರಿಗೇ ಇದ್ದವು. ತತ್ವದ ಹೆಸರಿನಲ್ಲಿ ಬೇರೆಯವರ ಸಂಬಳವನ್ನು ಪಣಕ್ಕಿಡುವುದು ದೊಡ್ಡಸ್ತಿಕೆಯಲ್ಲ. ಅದಕ್ಕೇ ಅವರನ್ನು ಕೇಳಿದೆ. ಐವರು ಮಾರುವುದು ಬೇಡ ಎಂದರು. ಒಬ್ಬ ಏನೂ ಹೇಳಲಿಲ್ಲ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಪ್ರೋಗ್ರಾಮರ್ ನೇರವಾಗಿಯೇ ಹೇಳಿದ: "ಸರ್, ನನಗೆ ಎರಡು ಮಕ್ಕಳು. ನಾನು ಬೆಂಗಳೂರಿಗೆ ಹೋಗುತ್ತೇನೆ." ಅವನು ಹೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ಡಿಸೆಂಬರಿನಲ್ಲಿ ಅವನನ್ನು ಬೀಳ್ಕೊಟ್ಟೆವು. ಅವನ ಜಾಗ ಈ ಬರಹ ಬರೆಯುವಾಗಲೂ ಖಾಲಿಯೇ ಇದೆ.

ಕಂಪೆನಿಗೆ ನಾಲ್ಕು ಸಾಲಿನ ಉತ್ತರ ಬರೆದು ಬೇಡ ಎಂದೆವು. ಅಂಗಡಿಗಳಿಗೂ ಒಂದು ಪತ್ರ ಹೋಯಿತು. ವರ್ಷದ ಶುಲ್ಕಕ್ಕೆ 600 ರೂಪಾಯಿ ಸೇರಿಸುತ್ತಿದ್ದೇವೆ, ಏಕೆಂದು ಹೇಳುತ್ತೇವೆ, ಒಪ್ಪಿಗೆಯಾಗದಿದ್ದರೆ ನಿಮ್ಮ ಲೆಕ್ಕವನ್ನೆಲ್ಲ ನಿಮಗೇ ತೆಗೆದುಕೊಡುತ್ತೇವೆ ಎಂದು ಅದರಲ್ಲಿತ್ತು. ಪತ್ರವನ್ನು ಬರೆದದ್ದು ನಾನಲ್ಲ, ಆ ಹುಡುಗಿ. 'ದಾಸ್ತಾನು' ಇದ್ದಲ್ಲಿ ಸ್ಟಾಕ್ ಎಂದು, 'ಪಾವತಿ ಬಾಕಿ' ಇದ್ದಲ್ಲಿ ಬರೀ ಬಾಕಿ ಎಂದು ಬರೆದಳು. 171 ಅಂಗಡಿಗಳು ಒಪ್ಪಿದವು. ಹನ್ನೆರಡು ಬಿಟ್ಟುಹೋದವು. ಉಳಿದ 31 ಅಂಗಡಿಗಳವರು ನೋಡೋಣ ಎಂದಿದ್ದಾರೆ. ವ್ಯಾಪಾರಿ ನೋಡೋಣ ಎಂದರೆ ಏನರ್ಥ ಎಂಬುದು ಓದುಗರಿಗೆ ತಿಳಿದೇ ಇದೆ. ಆ 31 ಅಂಗಡಿಗಳಿಗೂ ಒಂದೊಂದು ಬುಧವಾರ ಹೋಗಿ ಬರಬೇಕೆಂದಿದ್ದೇನೆ.

ಪುತ್ತೂರಿನ ಬಾಲವನದ ದಾರಿಯಲ್ಲಿ ಹೋಗುವಾಗಲೆಲ್ಲ ಶಿವರಾಮ ಕಾರಂತರ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ನೆನಪಾಗುತ್ತದೆ. ಶಿಕ್ಷಣ, ನಾಟಕ, ಮುದ್ರಣ, ಸಿನಿಮಾ, ಯಕ್ಷಗಾನ ಎಂದು ಒಂದೇ ಬಾಳಿನಲ್ಲಿ ಅಷ್ಟೊಂದು ಪ್ರಯೋಗ ಮಾಡಿದವರು ಅಪರೂಪ. ಕೈಸುಟ್ಟುಕೊಂಡದ್ದನ್ನೂ ಮುಚ್ಚಿಡದೆ ಬರೆದವರು. ಹೊಸ ಉದ್ಯಮ ಮಾಡಹೊರಟ ಹುಡುಗರು ನನ್ನಲ್ಲಿ ಯಾವ ಪುಸ್ತಕ ಓದಲಿ ಎಂದು ಕೇಳಿದರೆ ಫ್ರಾಂಕ್ಲಿನ್‌ಗಿಂತ ಮೊದಲು ಅದನ್ನು ಹೇಳುತ್ತೇನೆ. ಓದಿ ಮುಗಿಸಿದ ಮೇಲೆ ಒಂದು ನೋಟುಬುಕ್ಕು ಹಿಡಿದುಕೊಂಡು, ನಿಮ್ಮ ಸರಕು ಕೊಳ್ಳುವವರ ಅಂಗಡಿಯಲ್ಲಿ ಒಂದು ದಿನ ಕುಳಿತುಕೊಳ್ಳಿ. ಚಾ ಅವರೇ ತರಿಸುತ್ತಾರೆ. ಮಾತು ಅವರದ್ದಾಗಲಿ.